ಹಲವು ಸಿಡಿತಲೆಗಳ ಕ್ಷಿಪಣಿ

2024ನೆಯ ಇಸವಿ ಮಾರ್ಚ್ 11ರಂದು ಒಡಿಶಾ ತೀರದ ಅಬ್ದುಲ್ ಕಲಾಂ ದ್ವೀಪದಿಂದ ನಮ್ಮ ದೇಶದವರು ಅಗ್ನಿ-5 ಕ್ಷಿಪಣಿಯನ್ನು ಹಲವು ಸಿಡಿತಲೆಗಳ ಏರ್ಪಾಡಿನೊಡನೆ ಪರೀಕ್ಷಿಸಿದರು. ಆ ಕಾರ್ಯಕ್ಕೆ ‘ದಿವ್ಯಾಸ್ತ್ರ’ವೆಂದು ಹೆಸರಿಟ್ಟರು. ಬಿಟ್ಟ ಬಾಣವೊಂದು ನಡುದಾರಿಯಲ್ಲಿ ಹಲವಾಗುವ ವರ್ಣನೆಯನ್ನು ಬಲ್ಲವರಿಗೆ ಈ ಹೆಸರು ಒಪ್ಪುವಂತಹುದೇ. ಆದರೆ ಪುರಾಣದ ಗುರುಗಳು ಪ್ರಯೋಗದೊಡನೆ ಉಪಸಂಹಾರವನ್ನೂ ಕಲಿಸುತ್ತಿದ್ದರು. ಈ ಅಸ್ತ್ರಕ್ಕೆ ಅದಿಲ್ಲ.

ಈ ವಿದ್ಯೆಯ ಪೂರ್ವೇತಿಹಾಸವು ಅಮೆರಿಕಾ ರಷ್ಯಗಳಿಗೆ ಸೇರಿದುದು. ಅದಕ್ಕೆ ಮುಖ್ಯ ನಿಮಿತ್ತವಾದುದು ಗುರಾಣಿಯೆಂಬುದು ವಿಚಿತ್ರವಾಗಿದೆ. 1960ರ ದಶಕದಲ್ಲಿ ರಷ್ಯನರು ಮಾಸ್ಕೋ ನಗರದ ಸುತ್ತಲೂ ಕ್ಷಿಪಣಿಗಳನ್ನು ತಡೆಯುವ ಕ್ಷಿಪಣಿಗಳನ್ನು ನಿಲ್ಲಿಸತೊಡಗಿದರು. 1967ರ ಜೂನ್ ತಿಂಗಳಲ್ಲಿ ನ್ಯೂಜೆರ್ಸಿಯ ಗ್ಲಾಸ್‌ಬರೋ ಎಂಬಲ್ಲಿ ಅಧ್ಯಕ್ಷ ಜಾನ್ಸನ್ನರೂ ಸೋವಿಯೆಟ್ ಪ್ರಧಾನಿ ಕೊಸಿಗಿನ್ನರೂ ಸಂಧಿಸಿದರು. ರಷ್ಯವು ಗುರಾಣಿ ಹಿಡಿದರೆ ಅಮೆರಿಕಾವು ಬಾಣಗಳನ್ನು ಹೆಚ್ಚಿಸಬೇಕಾದೀತೆಂದು ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರರು ವಾದಿಸಿದರು. ಪ್ರಜೆಗಳನ್ನು ಕಾಯುವುದೇ ಧರ್ಮ, ಆಕ್ರಮಣವೇ ಅಧರ್ಮವೆಂಬುದು ಕೊಸಿಗಿನ್ನರ ಪಕ್ಷ. ನಮ್ಮ ಪಾಠಶಾಲೆಯ ವಾಕ್ಯಾರ್ಥಸಭೆಯಲ್ಲಿ ಕೊಸಿಗಿನ್ನರಿಗೇ ಜಯವಾಗುತ್ತಿತ್ತು. ಲೆಕ್ಕವು ಮಾತ್ರ ಮೆಕ್‌ನಮಾರರ ಕಡೆಗಿತ್ತು: ತಡೆಯುವ ಕ್ಷಿಪಣಿಯೊಂದಕ್ಕೆ ತಗಲುವ ವೆಚ್ಚಕ್ಕಿಂತ ಇನ್ನೊಂದು ಸಿಡಿತಲೆಯ ವೆಚ್ಚ ಕಡಮೆ.

1970ರಲ್ಲಿ ಅಮೆರಿಕಾದವರು ‘ಮಿನಿಟ್‌ಮನ್-3’ ಎಂಬ ಕ್ಷಿಪಣಿಯನ್ನು ನೆಲೆಗೊಳಿಸಿದರು. ಅದರ ತುದಿಯಲ್ಲಿ ಮೂರು ಸಿಡಿತಲೆಗಳು. ಇಂಧನವು ಉರಿದು ಮುಗಿದ ಮೇಲೆ, ವಾಯುಮಂಡಲದಾಚೆ, ಅವುಗಳನ್ನು ಹೊತ್ತ ಚಿಕ್ಕ ವಾಹನವು ತನ್ನ ಗತಿಯನ್ನು ಸ್ವಲ್ಪ ಸ್ವಲ್ಪವೇ ತಿದ್ದಿಕೊಂಡು ಒಂದೊಂದನ್ನೂ ಒಂದೊಂದು ಗುರಿಯ ಕಡೆಗೆ ಬಿಡುವುದು. 1972ರಲ್ಲಿ ಉಭಯರೂ ಗುರಾಣಿಗಳಿಗೆ ಮಿತಿ ಹಾಕಿಕೊಂಡರು. ಕಾರಣವು ಹೋದರೂ ಕಾರ್ಯವು ನಿಂತಿತು! ಅದೇ ವರ್ಷದ ಇನ್ನೊಂದು ಒಪ್ಪಂದವು ಕ್ಷಿಪಣಿಗಳನ್ನು ಎಣಿಸಿತಲ್ಲದೆ ಅವುಗಳ ತಲೆಗಳನ್ನು ಎಣಿಸಲಿಲ್ಲ. 1969-70ರಲ್ಲಿಯೇ ಇದನ್ನು ಇನ್ನಷ್ಟು ಆಲೋಚಿಸಬೇಕಾಗಿತ್ತೆಂದು ಕಿಸಿಂಜರರು 1974ರಲ್ಲಿ ಹೇಳಿಕೊಂಡರು. ರಷ್ಯನರ ಎಸ್‌ಎಸ್-18 ಕ್ಷಿಪಣಿಯ ಕೆಲವು ಬಗೆಗಳಿಗೆ ಹತ್ತು ತಲೆಗಳು ಬಂದುವು. 1986ರಲ್ಲಿ ನೆಲೆಗೊಂಡ ಅಮೆರಿಕಾದ ‘ಪೀಸ್‌ಕೀಪರ್’ಗೂ ಹತ್ತು. ದಶಕಂಠನಿಗೆ ಶಾಂತಿಪಾಲಕನೆಂದು ನಾಮಕರಣ!

ನಗರಗಳ ಪಾಲಿಗೆ ಇದರ ಅರ್ಥವೇನು? ಸ್ಫೋಟದ ಬಲವು ಎಂಟು ಮಡಿಯಾದರೆ ಅದರ ಹೊಡೆತವು ತಾಗುವ ದೂರವು ಎರಡು ಮಡಿ ಮಾತ್ರ, ನೆಲದ ವಿಸ್ತಾರವು ನಾಲ್ಕು ಮಡಿ. ಆದುದರಿಂದ ಅದೇ ಬಲವನ್ನು ಎಂಟಾಗಿ ಹಂಚಿ, ಒಂದರ ವಲಯವು ಇನ್ನೊಂದನ್ನು ಮುಚ್ಚದಂತೆ ಬೀಳಿಸಿದರೆ ಹಾಳಾಗುವ ನೆಲವು ಇಮ್ಮಡಿಯಾಗುವುದು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದುದು ಸುಮಾರು 15 ಕಿಲೋಟನ್ನಿನ ಒಂದೇ ಬಾಂಬು. ಬೆಂಕಿಯು ಸುಮಾರು 11 ಚದರ ಕಿಲೋಮೀಟರುಗಳನ್ನು ಸುಟ್ಟಿತು. ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1,40,000 ಮಂದಿ. ಮೊದಲ ಮಿನಿಟ್‌ಮನ್-3ರ ಒಂದೊಂದು ತಲೆಯೂ 170 ಕಿಲೋಟನ್. ಬೇರೆಬೇರೆ ಕಡೆ ಎದ್ದ ಬೆಂಕಿಗಳು ಕೂಡಿಕೊಂಡರೆ ನಂದಿಸಲು ನೀರಿನ ಕೊಳವೆ ಉಳಿದಿರುವುದಿಲ್ಲ, ಒಯ್ಯಲು ಆಸ್ಪತ್ರೆಯೂ ಇರುವುದಿಲ್ಲ. ನೆರವಿಗೆ ಓಡಿಬರಬೇಕಾದ ಪಕ್ಕದ ಪಟ್ಟಣವೂ ಅದೇ ಕ್ಷಿಪಣಿಯ ಇನ್ನೊಂದು ತಲೆಗೆ ಗುರಿಯಾಗಿರಬಹುದು.

ನೆಲದಿಂದ ಹಾರಿಸುವ ಇಂತಹ ಕ್ಷಿಪಣಿಗಳನ್ನು ನಿಷೇಧಿಸುವ ಒಪ್ಪಂದಕ್ಕೆ 1993ರಲ್ಲಿ ರುಜುವಾಯಿತು. ಅದು ಜಾರಿಗೆ ಬರಲೇ ಇಲ್ಲ. 2002ರಲ್ಲಿ ಅಮೆರಿಕಾವು ಗುರಾಣಿಯ ಕರಾರಿನಿಂದ ಹೊರಬಂದ ಮರುದಿನವೇ ರಷ್ಯವು ಇದನ್ನು ಕೈಬಿಟ್ಟಿತು. ಮಿನಿಟ್‌ಮನ್-3ಗಳಲ್ಲಿ ಅಮೆರಿಕಾದವರು 2014ರ ವೇಳೆಗೆ ಒಂದೊಂದೇ ತಲೆಯನ್ನು ಉಳಿಸಿದರು. ತೆಗೆದ ತಲೆಗಳನ್ನು ಕೂಡಿಸಲು ಬೇಕಾದ ಸ್ಥಳವನ್ನು ಮಾತ್ರ ಕೆಲವು ಕ್ಷಿಪಣಿಗಳಲ್ಲಿ ಹಾಗೆಯೇ ಇಟ್ಟುಕೊಂಡರು.