ಮಕ್ಕಳ ಕನ್ನಡ ಅಕ್ಷರ ಕಲಿಕೆ

ಅಕ್ಷರ ಕಲಿಕೆ ಎಂದರೆ ಮಗುವು ಲಿಪಿಯ ಆಕಾರಗಳನ್ನು ಗುರುತಿಸಿ, ಅವನ್ನು ಉಚ್ಚಾರಣೆಯೊಡನೆ ಹೊಂದಿಸಿಕೊಂಡು ಓದಲು ಸಮರ್ಥವಾಗುವ ಕ್ರಮ. ಕನ್ನಡದಲ್ಲಿ ವರ್ಣಮಾಲೆಯ 49 ಅಕ್ಷರಗಳ ಕಂಠಪಾಠ ಇದರ ಆರಂಭ ಮಾತ್ರ. ಪೂರ್ಣ ಕಲಿಕೆಗೆ ಹಲವು ವರ್ಷಗಳು ಬೇಕಾಗುತ್ತವೆ.

ಲಿಪಿಯ ಸ್ವರೂಪ

34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ಗುಣಿತಾಕ್ಷರಗಳಾಗುತ್ತವೆ. ಒತ್ತಕ್ಷರಗಳು ಇದಕ್ಕೆ ಹೊರತು. ಚೀನಾದ 2011ರ ಪಠ್ಯಕ್ರಮದ ಪ್ರಕಾರ, ಅಲ್ಲಿನ ಮಗು ಆರು ವರ್ಷಗಳ ಪ್ರಾಥಮಿಕ ಶಿಕ್ಷಣದಲ್ಲಿ ಸುಮಾರು 3,000 ಲಿಪಿಚಿಹ್ನೆಗಳನ್ನು ಗುರುತಿಸಬೇಕು. ಕನ್ನಡದ ಮಗು ಪ್ರತಿಯೊಂದು ರೂಪವನ್ನೂ ಬೇರೆಯಾಗಿ ನೆನಪಿಡಬೇಕಿಲ್ಲ. ಮೂಲಾಕ್ಷರ, ಸ್ವರಚಿಹ್ನೆ ಮತ್ತು ಒತ್ತುಗಳು ತಿಳಿದರೆ ಹಿಂದೆ ಕಾಣದ ಅಕ್ಷರವನ್ನೂ ಓದಬಹುದು.

ಕಲಿಕೆಯ ತೊಡಕುಗಳು

* ಪ–ಷ, ಘ–ಫ, ದ–ಧ, ಬ–ಭ ಮೊದಲಾದವುಗಳ ರೂಪಸಾಮ್ಯ.
* ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾಗುವುದರಿಂದ ಬ–ಭ ಭೇದವು ಕಿವಿಗೂ ಸ್ಪಷ್ಟವಾಗದಿರುವುದು.
* ತ, ಮ, ಯ, ರ ಮುಂತಾದವುಗಳ ಒತ್ತುಗಳು ಮೂಲಾಕ್ಷರವನ್ನು ಹೋಲದಿರುವುದು.
* 'ಸೂರ್ಯ' ಪದದಲ್ಲಿರುವಂತೆ, ಕೊನೆಗೆ ಬರೆಯುವ ಅರ್ಕಾವತ್ತನ್ನು ಮೊದಲು ಉಚ್ಚರಿಸಬೇಕಾಗಿರುವುದು.

ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗು, ಬಿಡಿಯಾಗಿ ತೋರಿಸಿದ 'ಕೀ' ಅಕ್ಷರದ ಮುಂದೆ ತಡವರಿಸಬಹುದು. ಅಕ್ಷರಜ್ಞಾನದ ಗಳಿಕೆಯು ಮೊದಲ ತರಗತಿಗೆ ಮುಗಿಯದೆ ಮೂರು-ನಾಲ್ಕನೆಯ ತರಗತಿಗಳವರೆಗೂ ಮುಂದುವರಿಯುವುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಆದುದರಿಂದ ನಿಧಾನವಾಗಿ ಕಲಿಯುವ ಮಗುವನ್ನು ದಡ್ಡ ಎಂದು ಪರಿಗಣಿಸುವುದು ಸರಿಯಲ್ಲ.

ಬೋಧನಾ ಕ್ರಮಗಳು

ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿಯುತ್ತಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿಕಲಿ' ಪದ್ಧತಿಯು ಅ, ಆ, ಇ, ಈ ಅನುಕ್ರಮವನ್ನು ಬಿಟ್ಟು, 'ರ, ಗ, ಸ, ದ, ಅ' ಎಂಬ ಸರಳ ಅಕ್ಷರಗಳ ಗುಂಪಿನಿಂದ ತೊಡಗುತ್ತದೆ. ಇವುಗಳಿಂದಲೇ 'ಸರ', 'ಗರಗಸ', 'ಅರಸ' ಮುಂತಾದ ಪದಗಳಾಗುವುದರಿಂದ ಮಗು ಆರಂಭದಲ್ಲೇ ಅರ್ಥಸಹಿತ ಓದಬಲ್ಲದು.

ಶಿಕಾರಿಪುರ–ಸೊರಬ ಪ್ರದೇಶ

ಶಿವಮೊಗ್ಗ ಜಿಲ್ಲೆಯ ಈ ತಾಲ್ಲೂಕುಗಳು ಪ್ರಾಚೀನ ಬನವಾಸಿ ನಾಡಿಗೆ ಸೇರಿದ್ದವು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ 12ನೆಯ ಶತಮಾನದ ಶಾಸನದಲ್ಲಿ ವೇದ-ಶಾಸ್ತ್ರಗಳ ಜೊತೆಗೆ ಕನ್ನಡ ಬೋಧನೆಯ ಉಲ್ಲೇಖವೂ ಇದೆ. ಬಳ್ಳಿಗಾವಿಯ ಕೋಡಿಯಮಠವು ಅದೇ ಕಾಲದ ಪ್ರಸಿದ್ಧ ವಿದ್ಯಾಕೇಂದ್ರ.

ಇಂದು ಇಲ್ಲಿನ ತರಗತಿಗಳಲ್ಲಿ ಲಂಬಾಣಿ ಮತ್ತು ಉರ್ದು ಮನೆಮಾತಿನ ಮಕ್ಕಳೂ ಇದ್ದಾರೆ. ಕನ್ನಡ ಮನೆಮಾತಿನ ಮಗು ತಾನು ಬಲ್ಲ ಪದಕ್ಕೆ ಲಿಪಿಯನ್ನು ಕಲಿತರೆ, ಇವರು ಪದ ಮತ್ತು ಲಿಪಿ ಎರಡನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಇಂಥವರಿಗೆ ಅಕ್ಷರಕ್ಕೆ ಮೊದಲು ಚಿತ್ರ, ಹಾಡು ಮತ್ತು ಸಂಭಾಷಣೆಗಳ ಮೂಲಕ ಪದಪರಿಚಯ ಮಾಡಿಸುವುದು ಉಪಯುಕ್ತ.