ಹಳಿಯ ಅಗಲವೂ ಆಟದ ಪಯಣವೂ

ಅರಸೀಕೆರೆಯ ರೈಲ್ವೆ ಜಂಕ್ಷನ್ನು ಮೀಟರ್ ಗೇಜಿನದಾಗಿದ್ದ ಕಾಲವನ್ನು ಬಲ್ಲ ಹಿರಿಯರಿಗೆ, ಅಲ್ಲಿಂದ ದೂರದ ಪೇಟೆಗೆ ಹೊರಟ ಕೊಬ್ಬರಿಯ ಮೂಟೆಯು ಬ್ರಾಡ್ ಗೇಜಿನ ಹಳಿ ಆರಂಭವಾಗುವ ನಿಲ್ದಾಣದಲ್ಲಿ ಒಂದು ವ್ಯಾಗನ್ನಿನಿಂದ ಇಳಿದು, ಹಮಾಲರ ಹೆಗಲೇರಿ, ಮತ್ತೊಂದನ್ನು ಸೇರಿದ ಹೊರತು ಮುಂದಕ್ಕೆ ಸಾಗಲಾರದಾಗಿದ್ದಿತೆಂಬುದು ವಿದಿತವೇ ಆಗಿದೆ. ಸರಕಿನಲ್ಲಿ ದೋಷವಿಲ್ಲ, ಹಳಿಯಲ್ಲಿಯೂ ದೋಷವಿಲ್ಲ. ಎರಡು ಹಳಿಗಳ ಅಗಲ ಮಾತ್ರ ಬೇರೆ. ವಿಂಡೋಸ್ ವ್ಯವಸ್ಥೆಗೆಂದು ರಚಿತವಾದ ವಿಡಿಯೋ ಗೇಮೊಂದು ಲಿನಕ್ಸ್ ಗಣಕದಲ್ಲಿ ನಡೆಯದಿರುವುದಕ್ಕೆ ಕಾರಣವೂ ಬಹುಮಟ್ಟಿಗೆ ಇಂಥದೇ. ಪರದೆಯ ಮೇಲೆ ಚಿತ್ರವನ್ನು ಮೂಡಿಸಲು, ಧ್ವನಿಯನ್ನು ಹೊರಡಿಸಲು, ಕೀಲಿಯ ಒತ್ತನ್ನು ಗ್ರಹಿಸಲು ಆ ಆಟವು ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ ಮೊದಲಾದ ಸೌಕರ್ಯಗಳನ್ನು ಹೆಸರು ಹಿಡಿದು ಕರೆಯುವುದು. ಲಿನಕ್ಸಿನಲ್ಲಿ ಆ ಹೆಸರಿಗೆ ಓಗೊಡುವವರಿಲ್ಲ. ಈ ಅಂತರವನ್ನು ದಾಟಿಸುವ ಭಾರವನ್ನು ಆಟ ರಚಿಸಿದವರು ಹೊರಬೇಕೋ, ಮಧ್ಯವರ್ತಿಗಳು ಹೊರಬೇಕೋ, ಮಾರುವವರು ಹೊರಬೇಕೋ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಈ ಕ್ಷೇತ್ರದ ಇತಿಹಾಸವೆಂದು ನನ್ನ ಎಣಿಕೆ.

ಮೊದಲನೆಯ ಉತ್ತರವು ವ್ಯಕ್ತಿಗತವಾದ ಪ್ರೀತಿಯಿಂದ ಬಂದುದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದ ಮೂರು ವರ್ಷಗಳೊಳಗೆ, ಅಮೆರಿಕದ ಐಡಿ ಸಾಫ್ಟ್‌ವೇರ್ ಸಂಸ್ಥೆಯ ಡೇವ್ ಟೇಲರ್ ಎಂಬಾತನು ಲೋಕವಿಖ್ಯಾತವಾದ ‘ಡೂಮ್’ ಆಟವನ್ನು ಅದಕ್ಕೆ ಒಗ್ಗಿಸಿದನು. ಇದರಲ್ಲಿ ಲಾಭದ ಆಶೆಗಿಂತ ಆ ವ್ಯವಸ್ಥೆಯ ಮೇಲಿನ ಮಮತೆಯೇ ಅಧಿಕವಾಗಿದ್ದಂತೆ ತೋರುತ್ತದೆ. ಆದರೂ ಆ ಶ್ರಮವು ಅನಿರೀಕ್ಷಿತವಾದ ಫಲವನ್ನು ನೀಡಿತು. 1997ರ ಡಿಸೆಂಬರಿನಲ್ಲಿ ಸಂಸ್ಥೆಯು ‘ಡೂಮ್’ನ ಮೂಲ ಸಂಕೇತವನ್ನು ಲೋಕಕ್ಕೆ ಬಿಟ್ಟುಕೊಡಲು ನಿಶ್ಚಯಿಸಿದಾಗ, ಡಾಸ್ ಆವೃತ್ತಿಯ ಧ್ವನಿಭಾಗವು ಪರರಿಂದ ಪರವಾನಗಿ ಪಡೆದುದಾಗಿದ್ದ ಕಾರಣ ಅದನ್ನು ಪ್ರಕಟಿಸುವಂತಿರಲಿಲ್ಲ, ಆದಕಾರಣ ಹೊರಬಿದ್ದದ್ದು ಲಿನಕ್ಸ್ ಆವೃತ್ತಿಯೇ. ಆ ಸಂಕೇತದಿಂದ ಇಂದು ಆ ಆಟವು ಎಲ್ಲೆಲ್ಲಿ ಮರುಹುಟ್ಟು ಪಡೆದಿದೆಯೋ ಅಲ್ಲೆಲ್ಲ ಅದರ ವಂಶಮೂಲವು ಲಿನಕ್ಸಿನದೆಂಬುದನ್ನು ಆಡುವವರಲ್ಲಿ ಬಲ್ಲವರು ವಿರಳ.

ಎರಡನೆಯ ಉತ್ತರವು ವ್ಯಾಪಾರದ್ದು. ಸ್ಕಾಟ್ ಡ್ರೇಕರ್ ಎಂಬ ವಕೀಲನು 1998ರಲ್ಲಿ ಸ್ಥಾಪಿಸಿದ ಲೋಕಿ ಎಂಬ ಸಂಸ್ಥೆಯು ಪರರ ಆಟಗಳನ್ನು ಲಿನಕ್ಸಿಗೆ ಒಗ್ಗಿಸಿ ಮಾರುವುದನ್ನೇ ಉದ್ಯೋಗವಾಗಿಸಿಕೊಂಡು, ಮರುವರ್ಷ ‘ಸಿವಿಲೈಸೇಷನ್: ಕಾಲ್ ಟು ಪವರ್’ ಆಟವನ್ನು ಹೊರತಂದಿತು; ಆದರೆ ಕೊಳ್ಳುವವರು ಸಾಲದೆ, ಸಾಲ ಮಾತ್ರ ಬೆಳೆದು, 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಸ್ಯಾಮ್ ಲಾಂಟಿಂಗಾ ರಚಿಸಿದ ಎಸ್‌ಡಿಎಲ್ ಎಂಬ ತಂತ್ರಾಂಶ ಗ್ರಂಥಾಲಯವಾದರೋ, ಯಾವ ವ್ಯವಸ್ಥೆಯಲ್ಲಿದ್ದರೂ ಒಂದೇ ಹೆಸರಿನಿಂದ ಕರೆದರೆ ಚಿತ್ರವನ್ನೂ ಧ್ವನಿಯನ್ನೂ ಒದಗಿಸಿಕೊಡುವ ಸಾಧನವಾಗಿ, ಸಂಸ್ಥೆ ಅಳಿದ ಮೇಲೂ ಉಳಿದು ಇಂದಿಗೂ ಅಸಂಖ್ಯ ಆಟಗಳ ತಳಹದಿಯಾಗಿದೆ.

ಇತ್ತ ನಮ್ಮ ನಾಡಿನಲ್ಲಿ, ಅಂತರ್ಜಾಲವು ತಾಲ್ಲೂಕು ಕೇಂದ್ರಗಳಿಗೆ ದುರ್ಲಭವಾಗಿದ್ದ ದಿನಗಳಲ್ಲಿ, ಲಿನಕ್ಸ್ ಮನೆಗೆ ಬಂದದ್ದು ಪತ್ರಿಕೆಯೊಡನೆ ಅಂಟಿಸಿದ ಸಿ.ಡಿ.ಯಾಗಿ. ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಉತ್ಸಾಹದಿಂದ ‘ಪಿಸಿ ಕ್ವೆಸ್ಟ್’ ಪತ್ರಿಕೆಯು 1996ರಿಂದ ಇಂಥ ಸಿ.ಡಿ.ಗಳನ್ನು ಹಂಚತೊಡಗಿತು; 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನವೂ ಆರಂಭವಾಯಿತು. ಅದೇ ನಗರದಲ್ಲಿ ರಾಜೇಶ್ ರಾವ್ ಅವರು 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ವಿದೇಶೀಯ ಆಟಗಳಿಗೆ ಚಿತ್ರಕರ್ಮವನ್ನು ಒದಗಿಸುತ್ತ ಬೆಳೆಯಿತು. ಒಂದೇ ಊರಿನಲ್ಲಿ ಲಿನಕ್ಸಿನ ಪಂಡಿತರೂ ಗೇಮ್ ಕಲಾವಿದರೂ ಇದ್ದರಾದರೂ ಇವರಿಬ್ಬರ ಸಂಗಮವಾಗಲಿಲ್ಲವೇಕೆಂದು ಕೇಳುವವರುಂಟು. ಆಟವು ಯಾವ ವೇದಿಕೆಗೆ ಹೊರಬರಬೇಕೆಂಬ ನಿರ್ಣಯವು ಚಿತ್ರ ಬಿಡಿಸುವವರ ಕೈಯಲ್ಲಿರದೆ, ದೂರದೇಶದಲ್ಲಿ ಹಣ ಹೂಡುವವರ ಕೈಯಲ್ಲಿರುವುದೇ ಇದಕ್ಕೆ ಉತ್ತರ.

ಕನ್ನಡದ ಮಕ್ಕಳು ಲಿನಕ್ಸಿನಲ್ಲಿ ಆಟವಾಡಿದ್ದು ಅಂಗಡಿಯ ಮಾರ್ಗದಿಂದಲ್ಲ, ಪಾಠಶಾಲೆಯ ಮಾರ್ಗದಿಂದ. ಕೇರಳ ಸರ್ಕಾರವು ತನ್ನ ‘ಐಟಿ@ಸ್ಕೂಲ್’ ಯೋಜನೆಯನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿದಾಗ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸೇ ಮೊದಲ ಗಣಕ ವ್ಯವಸ್ಥೆಯಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯು ಶಿಕ್ಷಣ ಇಲಾಖೆಯೊಡನೆ ಕೂಡಿ 2011ರಲ್ಲಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯು, ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರಿಗೆ ಉಬುಂಟುವನ್ನು ಪರಿಚಯಿಸಿತು. ಅದರಲ್ಲಿದ್ದ ‘ಟಕ್ಸ್ ಮ್ಯಾತ್’ ಎಂಬ ಆಟದಲ್ಲಿ ಆಕಾಶದಿಂದ ಬೀಳುವ ಉಲ್ಕೆಗಳ ಮೇಲೆ ಲೆಕ್ಕಗಳು ಬರೆದಿರುವುವು, ಉತ್ತರವನ್ನು ಒತ್ತಿದೊಡನೆ ಉಲ್ಕೆ ಸಿಡಿದುಹೋಗುವುದು. ದೊಡ್ಡ ಸಂಸ್ಥೆಗಳ ಇತಿಹಾಸವನ್ನು ಬರೆಯುವವರು ಈ ಬಗೆಯ ಆಟಗಳನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅದು ಸರಿಯಲ್ಲವೆಂದು ಹೇಳದೆ ಇರಲಾರೆ.

ವ್ಯಾಪಾರದ ಲೋಕದಲ್ಲಿ ಗಾಳಿ ತಿರುಗಿದ್ದು 2010ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ‘ಹಂಬಲ್ ಇಂಡಿ ಬಂಡಲ್’ ಎಂಬ ಹೆಸರಿನಲ್ಲಿ ಕೆಲವು ಸಣ್ಣ ಆಟಗಳನ್ನು ಒಟ್ಟುಗೂಡಿಸಿ, ಕೊಳ್ಳುವವರು ತಮಗೆ ತೋಚಿದ ಬೆಲೆಯನ್ನು ತೆರಬಹುದೆಂದು ಸಾರಿದಾಗ, ಉಚಿತಪ್ರಿಯರೆಂದು ಅಪಕೀರ್ತಿ ಹೊತ್ತಿದ್ದ ಲಿನಕ್ಸ್ ಬಳಕೆದಾರರೇ ಸರಾಸರಿಯಲ್ಲಿ ಎಲ್ಲರಿಗಿಂತ ಅಧಿಕವಾದ ಹಣವನ್ನು ತೆತ್ತರು. ಎರಡು ವರ್ಷಗಳ ತರುವಾಯ, ‘ಸ್ಟೀಮ್’ ಎಂಬ ಗೇಮ್ ಅಂಗಡಿಯ ಒಡೆಯರಾದ ವಾಲ್ವ್ ಸಂಸ್ಥೆಯ ಗೇಬ್ ನ್ಯೂವೆಲ್, ವಿಂಡೋಸ್ 8 ತನ್ನದೇ ಅಂಗಡಿಯೊಡನೆ ಬರುತ್ತಿರುವುದನ್ನು ಕಂಡು ಶಂಕಿತನಾಗಿ, ಲಿನಕ್ಸಿನತ್ತ ಮುಖ ಮಾಡಿದನು; 2013ರ ಫೆಬ್ರುವರಿಯಲ್ಲಿ ಲಿನಕ್ಸಿಗೆ ಸ್ಟೀಮ್ ಬಂದಿತು. ಪರರ ಮನೆಯಲ್ಲಿ ಅಂಗಡಿಯಿಟ್ಟವನಿಗೆ ಮನೆಯೊಡೆಯನೇ ಅಂಗಡಿ ತೆರೆದಾಗ ಉಂಟಾಗುವ ಭಯವೇ ಇಲ್ಲಿ ಧರ್ಮಕಾರ್ಯದ ಫಲವನ್ನು ಕೊಟ್ಟಿತೆನ್ನಬಹುದು. ಆಸ್ಪೈರ್, ಫೆರಲ್ ಮುಂತಾದ ಸಂಸ್ಥೆಗಳು ದೊಡ್ಡ ಆಟಗಳನ್ನು ಒಗ್ಗಿಸತೊಡಗಿದವು. ಆದರೆ ವಾಲ್ವ್ 2015ರಲ್ಲಿ ಮಾರಲೆಳಸಿದ ‘ಸ್ಟೀಮ್ ಮಷೀನ್’ ಪೆಟ್ಟಿಗೆಗಳನ್ನು ಕೇಳುವವರಿಲ್ಲದೆ ಹೋಯಿತು.

ಆ ಸೋಲಿನಿಂದ ಹುಟ್ಟಿದುದೇ ಮೂರನೆಯ ಉತ್ತರ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸಿನಲ್ಲಿ ನಡೆಸಲೆಂದು 1993ರಿಂದಲೇ ಬೆಳೆಯುತ್ತಿದ್ದ ‘ವೈನ್’ ಯೋಜನೆಗೆ, ಡೈರೆಕ್ಟ್‌ಎಕ್ಸಿನ ಕರೆಗಳನ್ನು ವಲ್ಕನ್ ಎಂಬ ಸಾರ್ವತ್ರಿಕ ಚಿತ್ರಭಾಷೆಗೆ ಆಟ ನಡೆಯುತ್ತಿರುವಾಗಲೇ ಮಾರ್ಪಡಿಸುವ ಡಿಎಕ್ಸ್‌ವಿಕೆಯನ್ನು ಜೋಡಿಸಿ, ವಾಲ್ವ್ ಸಂಸ್ಥೆಯು 2018ರ ಆಗಸ್ಟಿನಲ್ಲಿ ‘ಪ್ರೋಟಾನ್’ ಎಂಬುದನ್ನು ಹೊರತಂದಿತು. ಮೂಟೆಯನ್ನು ಇಳಿಸುವ ಶ್ರಮವೇ ಇಲ್ಲದೆ, ವ್ಯಾಗನ್ನಿನ ಗಾಲಿಯೇ ಹಳಿಯ ಅಗಲಕ್ಕೆ ತಕ್ಕಂತೆ ಸರಿದುಕೊಂಡಂತಾಯಿತು. 2022ರ ಫೆಬ್ರುವರಿಯಲ್ಲಿ ಬಂದ ‘ಸ್ಟೀಮ್ ಡೆಕ್’ ಎಂಬ ಕೈಗಣಕವು ಈ ಉಪಾಯವನ್ನು ಲಕ್ಷಾಂತರ ಜನರಿಗೆ ತಲುಪಿಸಿತು. ಸ್ಟೀಮಿನ ಗಣತಿಯಲ್ಲಿ ಬಹುಕಾಲ ಶೇಕಡಾ 1ರ ಆಸುಪಾಸಿನಲ್ಲಿದ್ದ ಲಿನಕ್ಸಿನ ಪಾಲು 2025ರಲ್ಲಿ ಶೇಕಡಾ 3ನ್ನು ಮುಟ್ಟಿತು.

ಈ ಯಶಸ್ಸಿಗೆ ಒಂದು ಬೆಲೆಯೂ ಉಂಟು. ಆಟವು ಹೇಗೂ ನಡೆಯುವುದಾದರೆ ಪ್ರತ್ಯೇಕವಾಗಿ ಒಗ್ಗಿಸುವ ಕಷ್ಟ ನಮಗೇಕೆಂದು ನಿರ್ಮಾಪಕರು ಕೇಳತೊಡಗಿದರು. ಲಿನಕ್ಸಿನಲ್ಲಿ ಆಡುವವರು ಹೆಚ್ಚಿದಂತೆಲ್ಲ ಲಿನಕ್ಸಿಗೆಂದೇ ಆಟ ರಚಿಸುವವರು ಕಡಿಮೆಯಾದರು. ‘ರಾಕೆಟ್ ಲೀಗ್’ 2020ರಲ್ಲಿ ತನ್ನ ಲಿನಕ್ಸ್ ಆವೃತ್ತಿಯನ್ನು ಕೈಬಿಟ್ಟಿತು. ಮೋಸಗಾರ ಆಟಗಾರರನ್ನು ಹಿಡಿಯುವ ತಂತ್ರಾಂಶಗಳಿಗೆ 2021ರಲ್ಲಿ ಪ್ರೋಟಾನಿನ ಬೆಂಬಲ ದೊರೆತರೂ, ಅದನ್ನು ಅಂಗೀಕರಿಸುವುದು ಬಿಡುವುದು ನಿರ್ಮಾಪಕರ ಇಚ್ಛೆಗೆ ಸೇರಿದ್ದು. ‘ಅಪೆಕ್ಸ್ ಲೆಜೆಂಡ್ಸ್’ ಆಟದವರು 2024ರಲ್ಲಿ, ಮೋಸಕ್ಕೆ ಲಿನಕ್ಸ್ ದಾರಿಯಾಗಿದೆಯೆಂದು ಹೇಳಿ ಆ ಬಾಗಿಲನ್ನು ಮುಚ್ಚಿದರು.

ಕನ್ನಡಿಗರ ದೃಷ್ಟಿಯಿಂದ ನೋಡಿದರೆ, ಅಂಗಡಿಗಿಂತ, ಆಟವನ್ನು ಕಟ್ಟುವ ಸಾಧನವಾದ ಎಂಜಿನ್ನಿನ ಸಂಗತಿಯೇ ಮುಖ್ಯವಾದುದು. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ‘ಗೋಡೋ’ ಎಂಬ ಗೇಮ್ ಎಂಜಿನ್, ಲಿನಕ್ಸಿನಲ್ಲಿಯೇ ಕುಳಿತು ಆಟವನ್ನು ರಚಿಸಿ, ಲಿನಕ್ಸಿಗೂ ವಿಂಡೋಸಿಗೂ ಹೊರತರುವ ಅನುಕೂಲವನ್ನು ಕಾಸಿಲ್ಲದೆ ಒದಗಿಸಿತು. ಆದರೆ ಅದರ 3ನೆಯ ಆವೃತ್ತಿಯಲ್ಲಿ ‘ಹೊಯ್ಸಳ’ ಎಂದು ಬರೆದರೆ, ಯಕಾರದ ಕೆಳಗೆ ಕುಳಿತುಕೊಳ್ಳಬೇಕಾದ ಸಕಾರದ ಒತ್ತು ಕೆಳಗಿಳಿಯದೆ, ಯಕಾರವೂ ಸಕಾರವೂ ಪರಿಚಯವೇ ಇಲ್ಲದವರಂತೆ ಅಕ್ಕಪಕ್ಕದಲ್ಲಿ ಪ್ರತ್ಯೇಕವಾಗಿ ನಿಲ್ಲುತ್ತಿದ್ದವು. ಅಕ್ಷರಗಳನ್ನು ಲಿಪಿಯ ನಿಯಮದಂತೆ ಕೂಡಿಸುವ ‘ಹಾರ್ಫ್‌ಬಜ್’ ಎಂಬ ಗ್ರಂಥಾಲಯವು ಮುಕ್ತ ತಂತ್ರಾಂಶದ ಲೋಕದಲ್ಲಿಯೇ ಬೆಳೆದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡುಗಳಲ್ಲಿ ಬಹುಕಾಲದಿಂದ ನೆಲೆಸಿದ್ದರೂ, ಗೋಡೋದಲ್ಲಿ ಅದಕ್ಕೆ ಸ್ಥಾನ ದೊರೆತದ್ದು 2023ರ ಮಾರ್ಚಿನಲ್ಲಿ ಪ್ರಕಟವಾದ 4ನೆಯ ಆವೃತ್ತಿಯಲ್ಲಿ. ಅಂದಿನಿಂದ ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತಿವೆ. ಬೇಲೂರಿನ ವಿದ್ಯಾರ್ಥಿಯೊಬ್ಬನು ಹಳೆಯ ಲ್ಯಾಪ್‌ಟಾಪಿನಲ್ಲಿ ಕನ್ನಡದ ಸಣ್ಣ ಆಟವೊಂದನ್ನು ರಚಿಸಲು ಇಂದು ತಂತ್ರಾಂಶದ ಕಡೆಯಿಂದ ಅಡ್ಡಿಯೇನೂ ಉಳಿದಿಲ್ಲ.

ಲಿನಕ್ಸಿಗೆಂದೇ ಆಟಗಳ ಆವೃತ್ತಿಗಳನ್ನು ರಚಿಸುವ ವ್ರತವನ್ನು ಬಹುಕಾಲ ಬಿಡದೆ ನಡೆಸಿದವರಲ್ಲಿ ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯು ಗಣ್ಯವಾದುದು; ನಮ್ಮ ಸೀಮೆಗೂ ಅದಕ್ಕೂ ಒಂದು ನಂಟುಂಟು. ಮಧ್ಯಯುಗದ ರಾಜವಂಶವೊಂದನ್ನು ನಡೆಸುವ ಆಟವಾಗಿ 2013ರ ಜನವರಿಯಲ್ಲಿ ಲಿನಕ್ಸಿಗೆ ಬಂದ ‘ಕ್ರುಸೇಡರ್ ಕಿಂಗ್ಸ್ 2’ಕ್ಕೆ, ಮರುವರ್ಷದ ಮಾರ್ಚಿನಲ್ಲಿ ‘ರಾಜಾಸ್ ಆಫ್ ಇಂಡಿಯಾ’ ಎಂಬ ವಿಸ್ತರಣೆಯು ಸೇರಿ, ಹೊಯ್ಸಳ ವಂಶವೂ ಆಟದೊಳಗೆ ಬಂದಿತು. 1066ರಲ್ಲಿ ಆಟವನ್ನು ತೊಡಗಿದವನಿಗೆ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ 1117ನೆಯ ಇಸವಿ ಬರುವಷ್ಟರಲ್ಲಿ ಅರ್ಧ ಶತಮಾನದ ಮದುವೆ, ಮುನಿಸು, ಯುದ್ಧಗಳು ಮುಗಿದಿರುತ್ತವೆ. ಅರಸೀಕೆರೆಯ ಈಶ್ವರ ದೇವಾಲಯದ 1220ನ್ನು ಮುಟ್ಟಬೇಕಾದರೆ ಇನ್ನೆರಡು ಮೂರು ತಲೆಮಾರು ಕಳೆಯಬೇಕು. ಆಟದ ದ್ವಾರಸಮುದ್ರಕ್ಕೂ ಕಣ್ಣ ಮುಂದಿನ ಹಳೇಬೀಡಿಗೂ ಸಾದೃಶ್ಯವನ್ನು ಹುಡುಕಹೊರಟವರಿಗೆ ನಿರಾಶೆಯಾದೀತು, ಅಲ್ಲಿರುವುದು ನಕ್ಷೆ ಮಾತ್ರ.

ಪ್ಯಾರಡಾಕ್ಸಿನಂಥವರು ಲಿನಕ್ಸಿಗೆ ನೀಡಿದ ನೇರವಾದ ಬೆಂಬಲದ ಬೆಲೆ ತಿಳಿಯುವುದು ಹಳೆಯ ಯಂತ್ರಗಳಲ್ಲಿ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲವು ಮುಗಿದು, ವಿಂಡೋಸ್ 11ಕ್ಕೆ ಅರ್ಹವಲ್ಲದ ಗಣಕಗಳ ಒಡೆಯರಲ್ಲಿ ಕೆಲವರು ಲಿನಕ್ಸಿನತ್ತ ತಿರುಗಿರುವರು. ಆದರೆ ಇಂದಿನ ಡಿಎಕ್ಸ್‌ವಿಕೆಯು ವಲ್ಕನ್ನಿನ 1.3ನೆಯ ಆವೃತ್ತಿಯನ್ನು ಅಪೇಕ್ಷಿಸುವುದರಿಂದ, ಹತ್ತು ಹನ್ನೆರಡು ವರ್ಷದ ಅನೇಕ ಯಂತ್ರಗಳಲ್ಲಿ ಪ್ರೋಟಾನಿನ ಈ ಮಾರ್ಗವು ಮುಚ್ಚಿರುವುದು. ಹಳೆಯ ಓಪನ್‌ಜಿಎಲ್ ವಿಧಾನವನ್ನು ಬಳಸುವ, ಲಿನಕ್ಸಿಗೆಂದೇ ಸಿದ್ಧವಾದ ಆಟಗಳಿಗೆ ಈ ತೊಡಕಿಲ್ಲ. ‘ಕ್ರುಸೇಡರ್ ಕಿಂಗ್ಸ್ 2’ ಅಂಥದೊಂದು, ಮತ್ತು 2019ರ ಅಕ್ಟೋಬರಿನಿಂದ ಅದರ ಮೂಲ ಆಟವು ಉಚಿತವೂ ಆಗಿದೆ. ಹೊಯ್ಸಳರನ್ನು ನಕ್ಷೆಯಲ್ಲಿ ನೋಡುವುದಕ್ಕೆ ಹಣ ಬೇಕಿಲ್ಲ. ಅವರ ಪಟ್ಟವೇರಿ ಆಡುವುದಕ್ಕೆ ಮಾತ್ರ ವಿಸ್ತರಣೆಯನ್ನು ಕೊಳ್ಳಬೇಕು.