ತುರುಬಿನ ಕಡ್ಡಿ: ಎಡೆದೊರೆ ನಾಡಿನ ಒಂದು ಅಲಕ್ಷಿತ ಸಾಧನ

ಕೃಷ್ಣಾ ತುಂಗಭದ್ರೆಗಳ ನಡುವಣ ಪ್ರದೇಶವನ್ನು ನಮ್ಮ ಶಾಸನಗಳು ಎಡೆದೊರೆ ಎಂದು ಕರೆದಿವೆ. ಚರಿತ್ರಗ್ರಂಥಗಳಲ್ಲಿ ಈ ನಾಡು ಬಹುಮಟ್ಟಿಗೆ ಕೋಟೆಗಳ ಮತ್ತು ಕಾಳಗಗಳ ನಾಡಾಗಿಯೇ ಕಾಣಿಸಿಕೊಂಡಿದೆ. ರಾಯಚೂರು ಕೋಟೆಯ ಗೋಡೆಯಲ್ಲಿರುವ 41 ಅಡಿ ಉದ್ದದ ಶಿಲೆಯು 1294ರಲ್ಲಿ ಗೋರೆ ಗನ್ನಯ್ಯ ರೆಡ್ಡಿಯು ಕೋಟೆ ಕಟ್ಟಿಸಿದ ಸಂಗತಿಯನ್ನು ಸಾರುತ್ತದೆ. 1520ರಲ್ಲಿ ಕೃಷ್ಣದೇವರಾಯನು ಇಲ್ಲಿ ಪಡೆದ ವಿಜಯವು ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದುದೇ. ಆದರೆ ಅದೇ ಕೋಟೆಯ ನೆರಳಿನಲ್ಲಿ ಕೊಡ ಹೊತ್ತು ನಡೆದ, ಹೊಲದಲ್ಲಿ ದಿನವೆಲ್ಲ ಬಾಗಿ ದುಡಿದ ಹೆಂಗಸು ತನ್ನ ನೀಳವಾದ ಕೂದಲನ್ನು ಯಾವುದರಿಂದ ನಿಲ್ಲಿಸಿಕೊಂಡಳು ಎಂಬ ಪ್ರಶ್ನೆಯು ಕ್ಷುಲ್ಲಕವೆಂದು ತೋರಿ ಬದಿಗೆ ಸರಿದಿದೆ. ಈ ಪ್ರಶ್ನೆಗೂ ಚರಿತ್ರೆಯಲ್ಲಿ ಸ್ಥಾನವುಂಟೆಂಬುದನ್ನು, ಅದಕ್ಕೆ ಉತ್ತರ ಹುಡುಕುವ ಮಾರ್ಗವಾವುದೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಬಯಸುತ್ತೇವೆ.

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡೋಣ. ‘ಮುಡಿ’ ಎಂಬುದು ಕೂದಲಗಂಟಿಗೂ ಹೂವನ್ನು ಧರಿಸುವ ಕ್ರಿಯೆಗೂ ಒಂದೇ ಶಬ್ದ. ಹಳಗನ್ನಡದ ‘ತುಱುಂಬು’ ಎಂಬ ಧಾತುವಿಗೂ ಕೂದಲಲ್ಲಿ ಸಿಕ್ಕಿಸು, ಮುಡಿಸು ಎಂಬ ಅರ್ಥವಿದೆ. ಇಂದಿನ ‘ತುರುಬು’ ಅದರ ಸಮೀಪದ ರೂಪ. ಗಂಟನ್ನು ಹೆಸರಿಸುವ ಮಾತಿನೊಳಗೇ ಸಿಕ್ಕಿಸುವ ಭಾವವು ಅಡಗಿರುವುದು ಗಮನಾರ್ಹ. ಕಟ್ಟಿದ ಮುಡಿಗೆ ನಮ್ಮ ಸಾಹಿತ್ಯದಲ್ಲಿ ಎಷ್ಟು ಗೌರವವಿತ್ತೆಂಬುದು ರನ್ನನ ಗದಾಯುದ್ಧದಿಂದಲೇ ವಿದಿತವಾಗುತ್ತದೆ. ಅಲ್ಲಿ ದ್ರೌಪದಿಯ ಬಿಚ್ಚಿದ ಮುಡಿಯೇ ಮಹಾಯುದ್ಧವನ್ನು ಮುನ್ನಡೆಸುವ ಪ್ರತಿಜ್ಞೆಯ ಮೂಲ. ಆದರೆ ಮುಡಿಯನ್ನೂ ಹೂವನ್ನೂ ಮೆಚ್ಚಿ ವರ್ಣಿಸುವ ಕಾವ್ಯ ಪರಂಪರೆಯು ಅದನ್ನು ಹಿಡಿದು ನಿಲ್ಲಿಸುವ ಸಾಧನದ ಕಡೆಗೆ ಅಷ್ಟು ದೃಷ್ಟಿ ಹಾಯಿಸಿಲ್ಲ.

ಆ ಸಾಧನದ ಕಾರ್ಯವಿಧಾನವು ಸರಳವಾದರೂ ಜಾಣ್ಮೆಯಿಂದ ಕೂಡಿದೆ. ಕೂದಲನ್ನು ಹುರಿಗೊಳಿಸಿ ಸುತ್ತಿದ ಮೇಲೆ, ಕಡ್ಡಿಯ ಮೊನೆಯು ಗಂಟಿನ ಅಂಚಿನಿಂದ ಸ್ವಲ್ಪ ಕೂದಲನ್ನು ಎತ್ತಿಕೊಳ್ಳಬೇಕು. ಬಳಿಕ ಕಡ್ಡಿಯನ್ನು ಹಿಮ್ಮುಖವಾಗಿ ತಿರುಗಿಸಿ, ನೆತ್ತಿಗೆ ಅಂಟಿದ ಕೂದಲಿನ ಅಡಿಯಲ್ಲಿ ನುಗ್ಗಿಸಿ, ಗಂಟಿನ ಇನ್ನೊಂದು ಬದಿಯಲ್ಲಿ ಹೊರಡಿಸಬೇಕು. ಆಗ ಗಂಟಿನ ಭಾರವೇ ಕಡ್ಡಿಯನ್ನು ಬಿಗಿಹಿಡಿಯುತ್ತದೆ. ಬಿಗಿದ ದಾರವು ಕೆಲವೇ ಎಳೆಗಳನ್ನು ಜಗ್ಗಿ ನೋಯಿಸಿದರೆ, ಸರಿಯಾಗಿ ಸಿಕ್ಕಿಸಿದ ಕಡ್ಡಿಯು ಭಾರವನ್ನು ನೆತ್ತಿಯ ವಿಶಾಲ ಭಾಗಕ್ಕೆ ಹಂಚುತ್ತದೆ. ಎರಡು ಕವಲುಳ್ಳ ಕಡ್ಡಿಯಾದರೆ ಗಂಟು ತಿರುಗಿ ಸಡಿಲಗೊಳ್ಳುವುದಕ್ಕೆ ಇನ್ನೂ ಹೆಚ್ಚಿನ ತಡೆಯೊದಗುತ್ತದೆ. ಆದುದರಿಂದ ಒಳ್ಳೆಯ ಕಡ್ಡಿಗೆ ಮೂರು ಗುಣಗಳು ಬೇಕು: ನುಣುಪಾದ ಮೈ, ಚುಚ್ಚದ ಮೊಂಡು ಮೊನೆ, ಗಂಟಿನ ಅಗಲಕ್ಕಿಂತ ತುಸು ಹೆಚ್ಚಿನ ಉದ್ದ. ಈ ಮೂರು ಗುಣಗಳು ಮುಂದಿನ ವಿಚಾರಕ್ಕೆ ಅವಶ್ಯವಾದುವು.

ಶಿಲ್ಪವು ನಮಗೆ ಅರ್ಧ ಸಾಕ್ಷ್ಯವನ್ನು ಮಾತ್ರ ಒದಗಿಸುತ್ತದೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದ ಮದನಿಕೆಯರಲ್ಲಿ ಕೇಶಾಲಂಕಾರದ ವೈಭವವು ಕಣ್ಣಿಗೆ ಕಟ್ಟುತ್ತದೆ. ಆದರೆ ಗಂಟಿನೊಳಗೆ ಹುದುಗಿರುವ ಕಡ್ಡಿಯನ್ನು ತೋರಿಸುವುದು ಶಿಲ್ಪಿಯ ಉದ್ದೇಶವಲ್ಲ. ಚೆನ್ನಾಗಿ ಸಿಕ್ಕಿಸಿದ ಕಡ್ಡಿಯು ಕಾಣಿಸದಿರುವುದೇ ಅದರ ಗುಣ.

ಉತ್ಖನನದ ಸಾಕ್ಷ್ಯವು ಇದಕ್ಕೆ ವಿರುದ್ಧವಾದುದು. ಅಲ್ಲಿ ವಸ್ತುವುಂಟು, ಮುಡಿಯಿಲ್ಲ. ರಾಯಚೂರು ಜಿಲ್ಲೆಯು ಪ್ರಾಗಿತಿಹಾಸದ ದೃಷ್ಟಿಯಿಂದ ಸಂಪನ್ನವಾದುದು. ಆಲ್‌ಚಿನ್ ಅವರು ಪಿಕ್ಲಿಹಾಳದಲ್ಲಿಯೂ, 1954ರಲ್ಲಿ ಥಾಪರ್ ಅವರು ಮಸ್ಕಿಯಲ್ಲಿಯೂ ಅಗೆತ ನಡೆಸಿದರು. ಮಾನ್ವಿ ಸೀಮೆಯ ಕಲ್ಲೂರಿನಲ್ಲಿ ದೊರೆತ ತಾಮ್ರದ ಕತ್ತಿಗಳು ವಿದ್ವಾಂಸರಲ್ಲಿ ಸುಪ್ರಸಿದ್ಧವಾಗಿವೆ. ಕರ್ನಾಟಕದ ನವಶಿಲಾಯುಗದ ನೆಲೆಗಳಲ್ಲಿ ಎಲುಬಿನ ಮೊನೆಗಳೂ ಸಿಕ್ಕಿವೆ. ಕತ್ತಿಯನ್ನು ಕತ್ತಿಯೆಂದು ಗುರುತಿಸಲು ಸಂದೇಹ ಬರುವುದಿಲ್ಲ; ಎಲುಬಿನ ಮೊನೆಯಾದರೋ ದಬ್ಬಳವಿರಬಹುದು, ಬಾಣದ ತುದಿಯಿರಬಹುದು, ತುರುಬಿನ ಕಡ್ಡಿಯೂ ಇರಬಹುದು. ಸಿಂಧೂ ಕಣಿವೆಯ ಚನ್ಹುದಾರೊದಲ್ಲಿ ದೊರೆತ ಜೋಡಿಸುರುಳಿ ತಲೆಯ ತಾಮ್ರದ ಸೂಜಿಯಂಥ ವಸ್ತುವಿನ ವಿಷಯದಲ್ಲಿಯೂ ಅದು ಉಡುಪಿಗೋ ಮುಡಿಗೋ ಎಂಬ ಪ್ರಶ್ನೆಯು ಏಳುತ್ತದೆ. ರೋಮನ್ ಸಮಾಧಿಗಳಲ್ಲಿ ತಲೆಬುರುಡೆಯ ಬಳಿ ದೊರೆತ ಎಲುಬಿನ ಕಡ್ಡಿಗಳು ತಾವಿದ್ದ ಸ್ಥಾನದಿಂದಲೇ ತಮ್ಮ ಉಪಯೋಗವನ್ನು ಹೇಳುತ್ತವೆ. ಸ್ಥಾನವು ತಿಳಿಯದಿದ್ದಲ್ಲಿ ಮೈಯ ನುಣುಪನ್ನೂ ಮೊನೆಯ ಸವೆತವನ್ನೂ ಪರೀಕ್ಷಿಸಬೇಕು. ಚರ್ಮವನ್ನು ಚುಚ್ಚುವ ದಬ್ಬಳಕ್ಕೆ ಹರಿತವೇ ಜೀವ. ಮುಡಿಯ ಕಡ್ಡಿಗೆ ಅದೇ ದೋಷ.

ಶಿಲ್ಪ ಮತ್ತು ಉತ್ಖನನಗಳ ನಡುವಣ ಈ ಅಂತರವನ್ನು ತುಂಬತಕ್ಕದ್ದು ಬಳಕೆಯ ಸಾಕ್ಷ್ಯ. ದೇವದುರ್ಗ ಮಾನ್ವಿಗಳ ಸುತ್ತ ತಾಂಡಾಗಳಲ್ಲಿ ನೆಲಸಿರುವ ಲಂಬಾಣಿಗರು, ಅಥವಾ ಬಂಜಾರರು, ಹಿಂದೆ ದಖ್ಖಣದ ಸೈನ್ಯಗಳಿಗೆ ಎತ್ತಿನ ಹೇರುಗಳ ಮೇಲೆ ಧಾನ್ಯ ಒಯ್ದವರು. ಈ ಸಮುದಾಯದ ಸ್ತ್ರೀಯರು ತಲೆಯ ಹಿಂಬದಿಯ ಕೂದಲಗಂಟಿನಲ್ಲಿ ಸುಮಾರು 6 ಅಂಗುಲದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಮೇಲುಹೊದಿಕೆಯನ್ನು ಅದರಿಂದ ಇಳಿಬಿಡುತ್ತಿದ್ದರೆಂದು ಮಧ್ಯಪ್ರಾಂತ್ಯದ ಜನಾಂಗಗಳನ್ನು ಕುರಿತು 1916ರಲ್ಲಿ ರಸೆಲ್ ಮತ್ತು ಹೀರಾಲಾಲರು ಬರೆದಿದ್ದಾರೆ. ‘ಚುಂಡಾ’ ಎಂದು ಹೆಸರಾದ ಈ ಕಡ್ಡಿಯಲ್ಲಿ ಮುಡಿಯೇ ಆಧಾರವಾಗಿ ಕಡ್ಡಿಯು ಬಟ್ಟೆಯನ್ನು ಹೊರುತ್ತದೆ. ಕಡ್ಡಿಯು ಕೇವಲ ಅನುಕೂಲದ ವಸ್ತುವಾಗಿ ಉಳಿಯದೆ ಸಮುದಾಯದ ಗುರುತಾಗಿ ಬೆಳೆದುದಕ್ಕೆ ಇದು ಉತ್ತಮ ನಿದರ್ಶನ. 15ನೆಯ ವಯಸ್ಸಿನಲ್ಲಿ ಕನ್ಯೆಗೆ ಮುಡಿಗಡ್ಡಿ ತೊಡಿಸುವ ಪ್ರಾಚೀನ ಚೀನದ ಸಂಸ್ಕಾರವನ್ನು ಇದರೊಡನೆ ಹೋಲಿಸಿ ನೋಡಬಹುದು. 1871ರಲ್ಲಿ ರಾಯಚೂರಿನಲ್ಲಿ ಮುಂಬಯಿ ಮದರಾಸುಗಳ ರೈಲುಹಾದಿಗಳು ಕೂಡಿದವು; ರೈಲು ಹಬ್ಬಿದಂತೆಲ್ಲ ಎತ್ತಿನ ಹೇರಿನ ವ್ಯಾಪಾರವು ಕುಗ್ಗಿತು. ಕಾರ್ಖಾನೆಯ ತಂತಿಯ ಪಿನ್ನುಗಳು ಅಂಗಡಿಗಳಿಗೆ ಬಂದ ಮೇಲೆ ಕೈಯಿಂದ ಮಾಡಿದ ಕಡ್ಡಿಯ ಅಗತ್ಯವೂ ಕಡಿಮೆಯಾಯಿತು.

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಕೋಟೆಯ ಕಲ್ಲು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಕಡ್ಡಿಯ ಕಥೆಯನ್ನು ಅದನ್ನು ಬಳಸಿದವರೇ ಹೇಳಬೇಕು. ಯಾವ ಮರ, ಯಾವ ಕೊಂಬು, ಎಷ್ಟು ಉದ್ದ, ಯಾವ ಹೆಸರು ಎಂಬ ಜ್ಞಾನವು ಹಿರಿಯ ಸ್ತ್ರೀಯರ ನೆನಪಿನೊಡನೆ ಅಳಿದುಹೋದರೆ, ವಸ್ತುಸಂಗ್ರಹಾಲಯದಲ್ಲಿನ ಎಲುಬಿನ ಮೊನೆಯು ಬರಿಯ ಮೊನೆಯಾಗಿಯೇ ಉಳಿಯುತ್ತದೆ. ಆದುದರಿಂದ ಈ ಜಿಲ್ಲೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳಲ್ಲಿ ಇಂತಹ ಕಡ್ಡಿಗಳ ಹೆಸರು, ಅಳತೆ, ಬಳಕೆಯ ಕ್ರಮಗಳನ್ನು ಬರೆದಿಡುವುದು, ದೇವದುರ್ಗ ತಾಲ್ಲೂಕಿನ ಗಬ್ಬೂರಿನಂತಹ ಸ್ಥಳಗಳ ಶಿಲ್ಪಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವುದು ಆವಶ್ಯಕವೆಂದು ನಾವು ಭಾವಿಸುತ್ತೇವೆ.